ಕೌದಿ ಹೊದ್ದ ಹುಳ

ದನದ ದವಾಖಾನೆಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಸುಶೀಲವ್ವನಿಗೆ, ಹೋದ ವಾರ ಸತ್ತ ತಮ್ಮ ಮನೆಯ ಎತ್ತಿನ ರಕ್ತದಲ್ಲಿ ನೀಲಿ ಕಡ್ಡಿಗಳು ಕಂಡವು; ಒಂದೊಂದರ ಸುತ್ತಲೂ ಗುಲಾಬಿ ಪೊರೆ. “ಯವ್ವಾ, ಹುಳಕ್ಕೂ ಕೌದಿ! ಜಿಲ್ಲಾದಾಗಿನ ಚಳಿಯೆಲ್ಲಾ ಇದಕ್ಕಽ ಹತ್ತೈತೇನ್ರಿ?”

ದನದ ಡಾಕ್ಟರ್ ನಗಲಿಲ್ಲ. “ಕಡ್ಡಿ ಜಾತಿ ಹುಳಾರೀ ಅಮ್ಮಾರ, ನೆರಡಿ ಬ್ಯಾನಿದು, ಆಂಥ್ರಾಕ್ಸ್ ಅಂತಾರ; ದನದಿಂದ ಮಂದಿಗೂ ಹತ್ತತೈತಿ. ಆ ಕೌದಿ ಇರೂದಕ್ಕಽ ನಮ್ಮ ಮೈಗೆ ಇದನ್ನ ಕೊಲ್ಲಾಕ ಆಗೂದಿಲ್ಲ. ಸತ್ತಾಗ ಎತ್ತಿನ ಮೂಗಿನಿಂದ ಸುರಿದ ರಕ್ತ ಯಾರರ ಮುಟ್ಟೀರೇನು?”

ಸುಶೀಲವ್ವ ಮೆಲ್ಲಗೆ ತಲೆಯೆತ್ತಿದಳು. ಎತ್ತನ್ನು ಮಣ್ಣು ಮಾಡುವ ಮುಂಚೆ, ಅದಕ್ಕೆ ರೊಟ್ಟಿ ತಿನ್ನಿಸಿದ ಕೈಯೇ ಮುಖ ಒರೆಸಿ ಕುಂಕುಮ ಹಚ್ಚಬೇಕೆಂಬುದು ಅವರ ಮನೆಯ ರೂಢಿ. ದಿನಾ ರೊಟ್ಟಿ ತಿನ್ನಿಸುತ್ತಿದ್ದ ಸೊಸೆ ಹಿಂಜರಿದಾಗ ಅವಳನ್ನು, “ಮುಖಾ ಒರಸಿದ್ರ ಕೈಯೇನು ಕರಗಿ ಹೊಕ್ಕೈತೇನ ಬೇ?” ಎಂದು ಚೇಷ್ಟೆ ಮಾಡಿ ಮುಂದೆ ದೂಡಿದವಳು ಸುಶೀಲವ್ವನೇ.

ಬಾಗಿಲಲ್ಲಿ ನಿಂತಿದ್ದ ಸೊಸೆ ನೇತ್ರಾ ಸೆರಗಿನಡಿಯಿಂದ ಮುಂಗೈ ಹೊರತೆಗೆದಳು. ಅದರ ಮೇಲೆ ಇದ್ದಿಲಿನಂಥ ಕಪ್ಪು ಹುಣ್ಣು.

“ನೋವಂತೂ ಇಲ್ರಿ, ಅತ್ತಿ,” ಎಂದಳು.

ಡಾಕ್ಟರ್ ಕುರ್ಚಿ ಬಿಟ್ಟೆದ್ದರು.