ಒಂದು ಹನಿ ಬಂದರೂ

"ನೀರು ಬಿಡ್ಲಾ?" ಹೊರಗಿನಿಂದ ವೆಂಡಲ್ ಕೂಗಿದ.

"ಬಿಡು ಮಹಾರಾಯ, ಮುಳುಗೋಕೆ ರೆಡಿಯಾಗೇ ಕೂತಿದೀನಿ," ಎಂದಳು ಆರ್ಲಿಸ್.

ಅವಳು ಕೂತಿದ್ದು ಅವರ ಮೋಟರ್‌ಹೋಮಿನ, ಅಂದರೆ ಗಾಡಿಮನೆಯ, ಮಲಗುವ ಕೋಣೆಯಲ್ಲಿ. ಕೋಣೆ ಎನ್ನುವುದು ದೊಡ್ಡ ಮಾತಾಯಿತು. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ಮೇಜಿನ ಡ್ರಾಯರಿನ ಹಾಗೆ ಪಕ್ಕಕ್ಕೆ ಚಾಚಿಕೊಳ್ಳುವ, ಹೊರಡುವಾಗ ಮತ್ತೆ ಒಳಗೆ ಹೋಗುವ ಒಂದು ಪೆಟ್ಟಿಗೆ ಅದು. ಪೆಟ್ಟಿಗೆಗೂ ಗಾಡಿಗೂ ನಡುವಿನ ಸಂದಿಗೆ ಸುತ್ತಲೂ ರಬ್ಬರ್ ಪಟ್ಟಿ. ಆ ಪಟ್ಟಿ ಸೀಳಿಹೋಗಿ, ಮಳೆ ಬಂದಾಗಲೆಲ್ಲ ನೀರು ನೇರವಾಗಿ ಆರ್ಲಿಸಳ ದಿಂಬಿಗೆ ಇಳಿಯುತ್ತಿತ್ತು. ವೆಂಡಲನ ದಿಂಬಿಗೆ ಇಳಿಯುತ್ತಿರಲಿಲ್ಲ, ಹಾಗಾಗಿ ಎರಡು ವರ್ಷ ಅದು ಸಣ್ಣ ತೊಂದರೆಯಾಗಿಯೇ ಉಳಿದಿತ್ತು. ಅವಳ ತಾಯಿ ಹೊಲಿದ ಕೌದಿ ಬೂಷ್ಟು ಹಿಡಿದು ಕಸಕ್ಕೆ ಹೋದ ದಿನ ಆರ್ಲಿಸ್ ಖಡಾಖಂಡಿತವಾಗಿ ಹೇಳಿದಳು: ಈ ಗಾಡಿ ಮಾರೋಣ, ಮಿನೆಸೋಟಾಕ್ಕೆ ವಾಪಸ್ ಹೋಗೋಣ, ಗೋಡೆಗಳು ಇದ್ದಲ್ಲೇ ಇರುವ ಒಂದು ಮನೆ ನೋಡೋಣ.

"ಪಟ್ಟಿ ನಾನೇ ಬದಲಾಯಿಸ್ತೀನಿ," ಎಂದಿದ್ದ ವೆಂಡಲ್. "ಆಮೇಲೂ ಒಂದು ಹನಿ ಒಳಗೆ ಬಂದ್ರೆ ಮಾರ್ಬಿಡೋಣ. ಬಂತೋ ಇಲ್ವೋ ಹೇಳೋಳು ನೀನೇ. ಸರೀನಾ?"

ರಿಪೇರಿ ಅಂಗಡಿಗೆ ಕೊಟ್ಟರೆ ಮರ್ಯಾದೆ ಹೋಗುತ್ತದೆಂಬುದು ಅರಿಝೋನಾ ಮರುಭೂಮಿಯಲ್ಲಿ ಚಳಿಗಾಲ ಕಳೆಯಲು ಬಂದು ಬಿಡಾರ ಹೂಡಿದ್ದ ಎಲ್ಲ ಗಂಡಸರ ನಂಬಿಕೆ. ಒಬ್ಬ ಉಪಕರಣದ ಪೆಟ್ಟಿಗೆ ತೆರೆದ ಸದ್ದಾದರೆ ಸಾಕು, ಉಳಿದವರು ತಂತಮ್ಮ ಮಡಚುವ ಕುರ್ಚಿ, ತಂತಮ್ಮ ಬಿಯರು ಹಿಡಿದು ಹಾಜರು. ಕೈ ಹಾಕುವವರು ಯಾರೂ ಇಲ್ಲ, ಬಾಯಿ ಹಾಕದವರೂ ಯಾರೂ ಇಲ್ಲ. ಅವರ ಸಲಹೆ ಕೇಳಿಕೊಂಡೇ ವೆಂಡಲ್ ಮೊದಲ ಸಲ ಪಟ್ಟಿಯನ್ನು ತಿರುಗಾಮುರುಗಾ ಅಂಟಿಸಿದ್ದ. ಗುಂಡಿ ಒತ್ತಿದೊಡನೆ ಕೋಣೆ ಕಿರ್ರೆಂದು ಅರಚಿ, ಹೊಸ ರಬ್ಬರನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹಾಕಿತು. ತಪ್ಪು ರಬ್ಬರಿನದು ಎಂದ ಅವನು. ಕುಣಿಯಲಾರದವಳಿಗೆ ನೆಲವೇ ಡೊಂಕು. ಮತ್ತೊಂದು ಸುರುಳಿ ತರಿಸಿ, ಹಳೆಯ ಅಂಟನ್ನು ಮೊಣಕೈ ಕೆತ್ತಿಹೋಗುವವರೆಗೆ ಕೆರೆದು, ಪಟ್ಟಿ ಮತ್ತೆ ಕೂರಿಸಿದ್ದ. ನಲವತ್ತು ವರ್ಷದ ಸಂಸಾರದಲ್ಲಿ ತಾನು ತಪ್ಪು ಮಾಡಿದೆ ಎಂದು ಆ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಹೊರಗೆ ವೆಂಡಲ್ ಬಿಟ್ಟ ಪೈಪಿನ ನೀರು ಗೋಡೆಗೆ ಬಡಿಯತೊಡಗಿತು. ಆರ್ಲಿಸ್ ಮೂಲೆಗಳನ್ನೇ ನೋಡುತ್ತ ಕೂತಳು. ಮೇಲಿನ ಮೂಲೆ ಒಣಗಿತ್ತು. ಕೆಳಗಿನದೂ ಒಣಗಿತ್ತು. ಬೆರಳಿಟ್ಟು ನೋಡಿದಳು, ಹನಿಯಿರಲಿ ತೇವವೂ ಇಲ್ಲ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಏನನ್ನೂ ಸರಿಯಾಗಿ ಮಾಡದ ಮನುಷ್ಯ ಇವತ್ತೇ ಯಾಕೆ ಸರಿಯಾಗಿ ಮಾಡಬೇಕಿತ್ತು?

"ಅಮ್ಮಾವ್ರೇ, ತೇಲ್ತಾ ಇದೀರೋ, ಮುಳುಗಿದ್ರೋ?" ಪಕ್ಕದ ಗಾಡಿಯ ಮರ್ಲ್ ಕುರ್ಚಿಯಿಂದಲೇ ಕೇಳಿದ. ಉಳಿದ ಕುರ್ಚಿಗಳು ನಕ್ಕವು.

"ಹೇಳೇ, ಬಂತಾ?" ವೆಂಡಲನ ದನಿಯಲ್ಲಿ ಆಗಲೇ ಗೆದ್ದ ಬೀಗು.

ಆರ್ಲಿಸ್ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಮೂಲೆಯ ಕೆಳಗಿನ ಜಮಖಾನೆಯ ಮೇಲೆ ಸುರಿದಳು. ಪೂರ್ತಿ ಸುರಿದಳು.

"ಬಂತು!"

ಹೊರಗೆ ನಗು ನಿಂತಿತು. ವೆಂಡಲ್ ಪೈಪು ಬಿಸಾಕಿ ಒಳಗೆ ಬಂದ. ಮಂಡಿಯೂರಿ ಜಮಖಾನೆ ಮುಟ್ಟಿದ. ಬೆಳಗಿನಿಂದ ಬಿಸಿಲಲ್ಲಿ ಬಿದ್ದಿದ್ದ ಪೈಪಿನ ನೀರು ಚಹಾ ಮಾಡುವಷ್ಟು ಬಿಸಿಯಾಗಿತ್ತು; ಇದು ಮಂಜಿನಂತೆ ಕೊರೆಯುತ್ತಿತ್ತು. ತಲೆಯೆತ್ತಿ ಒಣ ಮೂಲೆಯನ್ನು ನೋಡಿದ, ಆಮೇಲೆ ಅವಳನ್ನು. ಕೂಗಾಡಲಿ ಎಂದು ಆರ್ಲಿಸ್ ಸೊಂಟಕ್ಕೆ ಕೈಕೊಟ್ಟು ನಿಂತಳು. ಕೌದಿಯಿಂದ ಹಿಡಿದು ಎಲ್ಲ ಬೈಗುಳವೂ ನಾಲಿಗೆಯ ತುದಿಯಲ್ಲಿತ್ತು.

ವೆಂಡಲ್ ಎದ್ದು, ಮೆಟ್ಟಿಲಿಳಿದು ಕುರ್ಚಿಗಳ ಮುಂದೆ ನಿಂತ.

"ಸೋರ್ತಿದೆ ಕಣ್ರೋ," ಎಂದ. "ನನ್ನ ಕೈಲಾಗ್ಲಿಲ್ಲ. ತಪ್ಪು ನಂದೇ."

"ನಾನು ಆವತ್ತೇ ಹೇಳ್ದೆ," ಎಂದ ಮರ್ಲ್, ಏನೂ ಹೇಳದಿದ್ದವನು. ತಾವೂ ಹೇಳಿದ್ದೆವೆಂದರು ಉಳಿದವರು. ಒಬ್ಬ ಅವನ ಬೆನ್ನು ತಟ್ಟಿ, ಬೇಡವೆನ್ನುತ್ತಿದ್ದರೂ ಒಂದು ಬಿಯರು ಕೈಗಿಟ್ಟ. ಕುರ್ಚಿಗಳು ಮಡಚಿಕೊಂಡು ಮತ್ಯಾರದೋ ಗಾಡಿಯ ಕಡೆಗೆ ಹೊರಟವು.

ಆರ್ಲಿಸ್ ಕಿಟಕಿಯಿಂದ ನೋಡಿದಳು. ವೆಂಡಲ್ ಒಬ್ಬನೇ ಆ ಪಟ್ಟಿಯ ಉದ್ದಕ್ಕೂ ನಿಧಾನವಾಗಿ ಅಂಗೈ ಸವರುತ್ತಿದ್ದ. ಗೆದ್ದದ್ದು ತಾನೇ ಆದರೂ ಅವಳಿಗೆ ನಾಚಿಕೆಯಾಯಿತು. ಕಿಟಕಿಯ ಗಾಜು ಸರಿಸಿದಳು.

"ಚೆನ್ನಾಗೇ ಹಾಕಿದೀಯ," ಎಂದಳು.

"ಗೊತ್ತು," ಎಂದ ವೆಂಡಲ್, ತಿರುಗಿ ನೋಡದೆ. "ಗಾಡಿ ಕೊಂಡುಕೊಳ್ಳೋನ ಹೆಂಡ್ತಿಯಾದ್ರೂ ಒಣ ದಿಂಬಿನ ಮೇಲೆ ಮಲಗ್ತಾಳೆ ಬಿಡು."