ಝಿಲ್‌ಝಾಲ್ ಓದಿದ ಮಧ್ಯಾಹ್ನ

ಕಲ್ಲು ಒಡೆಯುವ ಮದ್ದಿನ ವಾಸನೆ ಬಂದರೆ ಇಂದಿಗೂ ನಿಂತಲ್ಲೇ ನಿಂತು ಕಾಲಡಿಯ ನೆಲ ನೋಡುತ್ತೇನೆ. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಝಿಲ್‌ಝಾಲ್ ಎಂಬ ಕುರಾನಿನ ಸೂರಾದ ಅರ್ಥವನ್ನು ಮಾತ್ರ ಅದಕ್ಕೂ ಮೊದಲೇ, ಮಕ್ತಲ್‌ನ ನಮ್ಮ ಪಡಸಾಲೆಯಲ್ಲಿ ಕಲಿತೆ.

ಅಪ್ಪ ಕಲ್ಲು ಕ್ವಾರಿಯಲ್ಲಿ ಕೂಲಿ. ಮದ್ದು ಸಿಡಿಸುವ ಮೊದಲು ಅಲ್ಲಿ ಊದುವ ಸೀಟಿ ನಮ್ಮ ಮನೆಗೂ ಕೇಳುತ್ತಿತ್ತು. ಆ ಮಧ್ಯಾಹ್ನ ದಾದಿ, ಅಪ್ಪನ ತಾಯಿ, ನನಗೆ ಸೂರಾ ಓದಿಸುತ್ತಿದ್ದಳು.

“ಸಣ್ಣ ತಪ್ಪು ಯಾರು ಕೇಳ್ತಾರ ಅಂತಿದ್ರಂತ ಪೈಗಂಬರರ ಕಾಲದ ಮಂದಿ. ಅದಕ್ಕ ಈ ಸೂರಾ ಅಲ್ಲಾಹನ ಕಡಿಂದ ಇಳೀತು ಬೇಟಾ. ಲೋಕದ ಕಡೀ ದಿನ ಭೂಮಿ ನಡುಗಿ, ತನ್ನ ಮ್ಯಾಲ ಯಾರೇನು ಮಾಡ್ಯಾರೋ ಎಲ್ಲಾ ತಾನ ಹೇಳತೈತಿ.”

“ಭೂಮಿಗಿ ಬಾಯಿ ಎಲ್ಲೈತಿ ದಾದಿ?”

“ನಿನ್ನಷ್ಟು ದೊಡ್ಡದಿಲ್ಲ ಬಿಡು,” ಎಂದು ನಕ್ಕಳು.

ಅಷ್ಟರಲ್ಲಿ ನೆಲ ಅದುರಿತು. ಗೂಡಿನ ಲೋಟಗಳು ಒಂದಕ್ಕೊಂದು ತಾಗಿದವು. ಸೀಟಿ ಕೇಳಿರಲೇ ಇಲ್ಲ. ದಾದಿಯ ನಗು ನಿಂತಿತು. ಅಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಕ್ವಾರಿಯ ಕಡೆ ಓಡಿದಳು.

ಸಂಜೆ ಅಪ್ಪನನ್ನು ಮುಖವನ್ನೂ ಮುಚ್ಚಿದ ಚಾದರದಲ್ಲಿ ಹೊತ್ತು ತಂದರು. ಜೊತೆಗೆ ಬಂದ ಕ್ವಾರಿಯ ಮೇಸ್ತ್ರಿ ಅಂಗಳದಲ್ಲೇ ನಿಂತು, “ಸೀಟಿ ಊದಿದ್ವಿ ಅಮ್ಮಾ, ಅವನೇ ಕೇಳಿಸ್ಕೊಳ್ಳಲಿಲ್ಲ,” ಎಂದ.

ದಾದಿ ಅಳಲಿಲ್ಲ. “ಚಪ್ಪಲಿ ಬಿಟ್ಟು, ನೆಲದ ಮ್ಯಾಲ ನಿಂತು ಇನ್ನೊಮ್ಮೆ ಹೇಳಪ್ಪ,” ಎಂದಳು.

ಅವನು ಚಪ್ಪಲಿ ಬಿಡಲಿಲ್ಲ.