ತಗಡಿನ ಮೇಲೆ ಬಡಿದ ಸದ್ದು

ಲಾರಿಯ ಬಾಡಿಯನ್ನು ಯಾರಾದರೂ ಅಂಗೈಯಿಂದ ಬಡಿದರೆ ನಾನು ಈಗಲೂ ಹಲ್ಲು ಕಡಿಯುತ್ತೇನೆ.

ಕಾಂದಿವಲಿಯ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದ ಅಪ್ಪ ಆ ಮಧ್ಯಾಹ್ನ ಡ್ರೈವಿಂಗ್ ಲೈಸೆನ್ಸಿನ ಟೆಸ್ಟಿಗೆ ಸ್ಟಿಯರಿಂಗ್ ಹಿಡಿದಿದ್ದ. ಅವ್ವ, ನಾನು ಆರ್‌ಟಿಓ ಮೈದಾನದ ಬಿಸಿಲಿಗೆ ಕಾದ ಗೇಟಿನ ಕಂಬಿ ಹಿಡಿದು ನೋಡುತ್ತಿದ್ದೆವು. ಅಪ್ಪ ಲಾರಿಯನ್ನು ನಿಧಾನವಾಗಿ ರಿವರ್ಸ್ ತರುತ್ತಿದ್ದ. ಪಕ್ಕದಲ್ಲಿ ನಡೆಯುತ್ತಿದ್ದ ಇನ್ಸ್‌ಪೆಕ್ಟರ್ ಫೋನಿನಲ್ಲಿ ನಗುತ್ತ, ಸುಮ್ಮನೆ, ಬಾಡಿಯ ತಗಡಿಗೆ ಬಡಿದ. ಅಪ್ಪ ಗಕ್ಕನೆ ನಿಲ್ಲಿಸಿದ.

“ಕ್ಯೂಂ ರೋಕಾ? ಫೇಲ್,” ಎಂದ ಇನ್ಸ್‌ಪೆಕ್ಟರ್, ಫೋನು ಕಿವಿಯಿಂದ ತೆಗೆಯದೆ.

ಮರಳುವಾಗ ಲೋಕಲ್ ರೈಲಿನಲ್ಲಿ ಅವ್ವ ಕೇಳಿದಳು, “ಯಾಕ ನಿಲ್ಲಿಸಿದ್ರಿ?”

ಅಪ್ಪ ಕಿಟಕಿಯತ್ತ ಮುಖ ತಿರುಗಿಸಿದ. “ಗಾಡಿ ಹಿಂದ ಯಾರರ ಬಂದ್ರ ಕ್ಲೀನರ್ ಹಂಗ ಬಡೀತಾನ, ನಿಲ್ಲಿಸು ಅಂತ. ಬಡದ್ರೂ ನಿಲ್ಲಿಸದವ್ರಿಗೆ ಇವ್ರು ಲೈಸೆನ್ಸ್ ಕೊಡ್ತಾರಂತ.”